ಕ್ಯಾಲಿಪರ್ ಮೇಸ್ತ್ರಿ ಕಾದ ರಾಜ್ಯ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಶೆಡ್ಡಿಗೂ ಮುರುಕು ಮಂಚಗಳನ್ನು ಪೇರಿಸಿಟ್ಟ ಗೋದಾಮಿಗೂ ನಡುವೆ, ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆಯಿತ್ತು. ಅಲ್ಲಿ ಮೂವತ್ತು ವರ್ಷ ದುಡಿದವನನ್ನು ಎಲ್ಲರೂ ಕ್ಯಾಲಿಪರ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸೋತ ಕಾಲುಗಳಿಗೆ ಕ್ಯಾಲಿಪರ್ ಎಂಬ ಆಸರೆ ಕಟ್ಟಿಕೊಡುವುದು ಅವನ ಕೆಲಸ. ಎರಡು ಉಕ್ಕಿನ ಪಟ್ಟಿ, ತೊಡೆಗೊಂದು ಚರ್ಮದ ಕವಚ, ಮಂಡಿಯ ಹತ್ತಿರ ಬೀಗದ ಹಾಗೆ ಕೂರುವ ಕೀಲು, ಕೆಳಗೆ ಬೂಟು. ಕೇಳಿದರೆ ಇಷ್ಟೇ. ಆದರೆ ಪಟ್ಟಿ ಕೂದಲೆಳೆಯಷ್ಟು ಒಳಗೆ ಬಾಗಿದರೂ ಸಂಜೆಯ ಹೊತ್ತಿಗೆ ತೊಡೆಯ ಚರ್ಮ ಸುಲಿದಿರುತ್ತದೆ. ಮೇಸ್ತ್ರಿ ಪಟ್ಟಿ ಕೂಡಿಸುವ ರಿವೆಟ್ಟು ಮೊಳೆ ಹೊಡೆದ ಮೇಲೆ ಅದರ ತಲೆಯನ್ನು ತನ್ನ ಕೆನ್ನೆಗೆ ಉಜ್ಜಿ ನೋಡುತ್ತಿದ್ದ. “ನನ್ನ ಕೆನ್ನೆಗೆ ಚುಚ್ಚದೆ ಇದ್ರೆ ಯಾರ ಕಾಲಿಗೂ ಚುಚ್ಚಲ್ಲ” ಅನ್ನುತ್ತಿದ್ದ. ಗಾಯವಾಯಿತೆಂದು ಅವನ ಬಳಿ ವಾಪಸ್ ಬಂದವರು ಕಡಿಮೆ.

ಅವನು ಆ ಕೆಲಸಕ್ಕೆ ಸೇರಿದ ಐದನೇ ವರ್ಷ ಅವನ ಒಬ್ಬಳೇ ಮಗಳಿಗೆ ಜ್ವರ ಬಂತು. ಎರಡು ವರ್ಷದ ಕೂಸು, ಆಗಷ್ಟೇ ಮನೆತುಂಬ ಓಡಾಡಲು ಕಲಿತಿತ್ತು. ಜ್ವರ ಬಿಟ್ಟಿತು, ಎಡಗಾಲು ಏಳಲಿಲ್ಲ. ಪೋಲಿಯೊ ಎಂದರು. ಕಂಡವರ ಮಕ್ಕಳಿಗೆಲ್ಲ ಆಸರೆ ಕಟ್ಟಿಕೊಟ್ಟವನು ತನ್ನ ಮಗಳ ಕಾಲಿಗೆ ಟೇಪು ಹಿಡಿದ ದಿನ ಮೂರು ಸಲ ಅಳೆದ, ಮೂರು ಸಲವೂ ಬೇರೆ ಬೇರೆ ಅಳತೆ ಬಂತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವನ ಹೆಂಡತಿ ಕೊನೆಗೆ ಬಂದು ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. “ನೀವು ಓದಿ ಹೇಳಿ, ನಾನು ಬರ್ಕೋತೀನಿ” ಎಂದಳು.

ಅಂಚೆ ತಾತ ಅವನ ಬದುಕಿಗೆ ಬಂದದ್ದು ಆ ವರ್ಷವೇ. ಅವರು ನಿವೃತ್ತ ಪೋಸ್ಟ್‌ಮನ್. ಒಂದು ಕಾಲು ಇನ್ನೊಂದಕ್ಕಿಂತ ಬೆರಳಷ್ಟು ಗಿಡ್ಡ, ಬೂಟಿನ ಅಟ್ಟೆ ಎತ್ತರ ಮಾಡಿಸಿಕೊಳ್ಳಲು ಬಂದಿದ್ದರು. ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಸೇರುತ್ತಿದ್ದ ಸಣ್ಣದೊಂದು ಕ್ರೈಸ್ತ ಪ್ರಾರ್ಥನಾ ಸಭೆಗೆ ಅವರೇ ಹಿರಿಯರು. “ನಲವತ್ತು ವರ್ಷ ಜನರ ಕಾಗದ ಹಂಚಿದೆ, ಈಗ ದೇವರ ಕಾಗದ ಹಂಚ್ತಾ ಇದೀನಿ” ಎಂದು ನಗುತ್ತಿದ್ದರು. ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಬಕಲುಗಳ ಜೊತೆ ಆಡುತ್ತಿದ್ದ ಮಗುವನ್ನು ಅವರು ನೋಡಿದರು. ಆಮೇಲೆ ಮೇಸ್ತ್ರಿಯ ಮುಖ ನೋಡಿದರು.

“ಸತ್ತ ಮೇಲೆ ನಾವು ಮೇಲೆ ಹೋಗೋದು ದೊಡ್ಡ ವಿಷಯ ಅಲ್ಲಪ್ಪ,” ಎಂದರು. “ಆ ದೇವರೇ ರಾಜನಾಗಿ ಇಲ್ಲಿಗೆ ಬರ್ತಾನೆ. ಇದೇ ಮಣ್ಣಿಗೆ, ಇದೇ ಬೀದಿಗೆ. ರಾಜ ಬಂದ ಮೇಲೆ ರಾಜ್ಯ ಬರದೆ ಇರುತ್ತಾ? ಆಗ ಕಾಯಿಲೆ ಇರಲ್ಲ, ಅಳು ಇರಲ್ಲ. ಮಣ್ಣಲ್ಲಿ ಮಲಗಿದೋರು ಎದ್ದು ಬರ್ತಾರೆ. ಕಾಲು ಸೋತೋರು ಜಿಗೀತಾರೆ.”

“ಯಾವಾಗ?” ಎಂದು ಕೇಳಿದ ಮೇಸ್ತ್ರಿಯ ಕೈಯಲ್ಲಿ ಸುತ್ತಿಗೆ ಹಾಗೇ ನಿಂತಿತ್ತು.

“ದಿನ, ಗಳಿಗೆ ಯಾರಿಗೂ ತಿಳಿಸಿಲ್ಲ. ಆದ್ರೆ ಹತ್ತಿರ ಇದೆ.”

ಹತ್ತಿರ ಎಂಬ ಆ ಒಂದು ಮಾತು ಮೇಸ್ತ್ರಿಯನ್ನು ಹಿಡಿದುಕೊಂಡಿತು. ದೂರದ ಸ್ವರ್ಗದ ಆಸೆ ತೋರಿಸಿದ್ದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದನೇನೋ. ಇದೇ ಮಣ್ಣು, ಇದೇ ಬೀದಿ ಎಂದದ್ದು ಅವನಿಗೆ ನಾಟಿತು. ಹೆಂಡತಿಯನ್ನು ಕರೆದುಕೊಂಡು ಭಾನುವಾರದ ಸಭೆಗೆ ಹೋಗತೊಡಗಿದ. ಗೇಟಿನಿಂದ ಜನ ಊರುಗೋಲು ಬಿಸಾಕಿ ಹೊರಗೆ ಬರುವುದನ್ನು, ತನ್ನ ವರ್ಕ್‌ಶಾಪಿಗೆ ಬೀಗ ಬೀಳುವುದನ್ನು ಅವನು ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ. ಎಕ್ಸ್‌ರೇ ಕೋಣೆಯ ಅಟೆಂಡರ್ ಚೇಷ್ಟೆ ಮಾಡುತ್ತಿದ್ದ: “ಮೇಸ್ತ್ರಿ, ನಿಮ್ಮ ರಾಜ ಬಂದ್ರೆ ನಿಮ್ಮ ಕೆಲಸಕ್ಕೇ ಕುತ್ತಲ್ಲ!”

“ಬರ್ಲಿ ಬಿಡಯ್ಯ. ಆ ದಿನ ನನ್ನ ಸುತ್ತಿಗೆ, ಇಕ್ಕಳ ಎಲ್ಲಾ ನಿನಗೇ ಕೊಟ್ಬಿಡ್ತೀನಿ. ನಿನಗೂ ಕೆಲಸ ಇರಲ್ಲ, ಹೊತ್ತು ಹೋಗೋಕಾದ್ರೂ ಏನಾದ್ರೂ ಬೇಕಲ್ಲ.”

ಮಗಳು ದೊಡ್ಡವಳಾದಳು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವಳ ಕ್ಯಾಲಿಪರಿನ ಪಟ್ಟಿಗಳನ್ನು ಬಿಗಿಯುತ್ತ ಅವನು ರಾಜ್ಯದ ಕಥೆ ಹೇಳುತ್ತಿದ್ದ. “ಇನ್ನು ಸ್ವಲ್ಪ ದಿನ ಪುಟ್ಟಿ. ಆಮೇಲೆ ನೀನು ಓಟದಲ್ಲೂ ಫಸ್ಟು.”

“ಎಲ್ಲರ ಕಾಲೂ ಸರಿಯಾದ್ರೆ ಎಲ್ಲರೂ ಫಸ್ಟಾ ಅಪ್ಪ? ಹಾಗಾದ್ರೆ ಲಾಸ್ಟ್ ಬರೋರು ಯಾರು?”

ಆ ಭಾನುವಾರ ಮೇಸ್ತ್ರಿ ಈ ಪ್ರಶ್ನೆಯನ್ನು ಅಂಚೆ ತಾತನ ಮುಂದಿಟ್ಟ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಗಳಿಗೆ ಒಂಬತ್ತು ತುಂಬಿದಾಗ ಮೂಳೆ ವಿಭಾಗಕ್ಕೆ ಹೊಸ ಡಾಕ್ಟರಮ್ಮ ಬಂದರು. ಹುಡುಗಿಯ ಕಾಲನ್ನು ಮಡಿಸಿ, ಬಿಡಿಸಿ, ಅರ್ಧ ಗಂಟೆ ನೋಡಿದರು. ತೊಡೆಯ ಹಿಂಭಾಗದಲ್ಲಿ ಇನ್ನೂ ಗಟ್ಟಿಯಿರುವ ಸ್ನಾಯುವನ್ನು ತಂದು ಮುಂದೆ ಸೋತ ಜಾಗಕ್ಕೆ ಹೊಲಿಯಬಹುದು, ಆಗ ಮಂಡಿ ತನ್ನಷ್ಟಕ್ಕೆ ನಿಲ್ಲುತ್ತದೆ, ತೊಡೆಯವರೆಗಿನ ಕ್ಯಾಲಿಪರ್ ಬೇಕಾಗುವುದಿಲ್ಲ ಎಂದರು. “ಇದೇ ಸರಿಯಾದ ವಯಸ್ಸು. ಬಿಟ್ಟರೆ ಮಂಡಿ ಬಾಗಿಕೊಂಡು ಹಾಗೇ ಕೂತುಬಿಡುತ್ತೆ. ಮೇಸ್ತ್ರಿ, ಇದನ್ನ ನಿಮಗೆ ನಾನು ಹೇಳಬೇಕಾ? ಆಪರೇಷನ್ ಆದ ಮಕ್ಕಳಿಗೆ ಸಣ್ಣ ಕ್ಯಾಲಿಪರ್ ಕಟ್ಟಿಕೊಡೋರು ನೀವೇ ಅಲ್ವಾ?”

ಅವನಿಗೆ ಗೊತ್ತಿತ್ತು. ಆಪರೇಷನ್ನಿನಲ್ಲಿ ಗೆದ್ದ ಕಾಲುಗಳನ್ನೂ ಸೋತ ಕಾಲುಗಳನ್ನೂ ಅವನು ಕೈಯಲ್ಲಿ ಹಿಡಿದು ನೋಡಿದ್ದ. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿದ ಮಕ್ಕಳ ಚೀರಾಟ ಅವನ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಎದೆಯೊಳಗೆ ಹುಟ್ಟಿದ್ದು ಹೆದರಿಕೆ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು. ವಾರಗಟ್ಟಲೆ ಯೋಚಿಸಿ ಡಾಕ್ಟರಮ್ಮನ ಮುಂದೆ ಹೋಗಿ ನಿಂತ. “ರಾಜ್ಯ ಹತ್ತಿರ ಇದೆ ಡಾಕ್ಟ್ರೇ. ಅಷ್ಟರೊಳಗೆ ಮಗೂನ ಕೊಯ್ಸೋದು ಬೇಡ ಅಂತ.”

ಆಕೆ ಫೈಲು ಎಳೆದುಕೊಂಡು ಏನೋ ಬರೆದರು.

ಮನೆಯಲ್ಲಿ ಹೆಂಡತಿ ಒಂದೇ ಒಂದು ಸಲ ಬಾಯಿ ಬಿಟ್ಟಳು. “ರೀ, ಮಾಡಿಸಿ ನೋಡೋಣ್ವಾ?”

“ಯಾಕೆ, ನಿನಗೆ ನಂಬಿಕೆ ಇಲ್ವಾ?”

ಈ ಪ್ರಶ್ನೆ ಬಿದ್ದ ಮೇಲೆ ಅವಳು ಬಾಯಿ ಬಿಡಲಿಲ್ಲ. ಸಭೆಯಲ್ಲಿ ಯಾರೂ ಆಪರೇಷನ್ ಬೇಡ ಎಂದಿರಲಿಲ್ಲ. ಅಂಚೆ ತಾತನೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಮೇಸ್ತ್ರಿ ಯಾರನ್ನೂ ಕೇಳಲೇ ಇಲ್ಲ. ಎರಡು ವರ್ಷದ ಮೇಲೆ ಡಾಕ್ಟರಮ್ಮ ಬೇರೆ ಆಸ್ಪತ್ರೆಗೆ ಹೋದರು, ಆ ಮಾತು ಅಲ್ಲಿಗೇ ನಿಂತಿತು.

ಮಗಳು ಬೆಳೆದ ಹಾಗೆಲ್ಲ ಕ್ಯಾಲಿಪರೂ ಬೆಳೆಯಿತು. ಒಂದಕ್ಕಿಂತ ಒಂದು ಹಗುರ, ಒಂದಕ್ಕಿಂತ ಒಂದು ನಯ. ತಾನು ಕಲಿತ ವಿದ್ಯೆಯನ್ನೆಲ್ಲ ಅವನು ಅದಕ್ಕೆ ಸುರಿದ. ಆದರೆ ಡಾಕ್ಟರಮ್ಮ ಹೇಳಿದಂತೆಯೇ ಮಂಡಿ ಬಾಗುತ್ತ ಬಂತು. ಇಪ್ಪತ್ತರ ಹೊತ್ತಿಗೆ ಎಷ್ಟು ಚೆನ್ನಾಗಿ ಕಟ್ಟಿದರೂ ಕವಚ ತೊಡೆಯನ್ನು ಕಚ್ಚತೊಡಗಿತು. ಇಪ್ಪತ್ತೆರಡಕ್ಕೆ ಅವಳಿಗೆ ಅದೇ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಸಿಕ್ಕಿತು. ಹಳೆಯ ಫೈಲುಗಳನ್ನು ತೆಗೆದು, ಧೂಳು ಕೊಡವಿ, ಕಂಪ್ಯೂಟರಿಗೆ ಏರಿಸುವ ಕೆಲಸ. ಮೂರನೇ ತಿಂಗಳು ಅವಳ ಕೈಗೆ ಅವಳದೇ ಫೈಲು ಬಂತು.

ಮಧ್ಯಾಹ್ನ ಊಟದ ಹೊತ್ತು. ಮೇಸ್ತ್ರಿ ಡಬ್ಬಿ ಬಿಚ್ಚಿದ್ದನಷ್ಟೆ. ಮಗಳು ಬಾಗಿಲಲ್ಲಿ ನಿಂತಿದ್ದಳು.

“ಬಾ, ಕೂತ್ಕೋ. ಊಟ ಆಯ್ತಾ?”

ಅವಳು ಕೂರಲಿಲ್ಲ. ಫೈಲು ತೆರೆದು, ಬೆರಳಿಟ್ಟು ಓದಿದಳು. “ಶಸ್ತ್ರಚಿಕಿತ್ಸೆಗೆ ತಂದೆಯ ಒಪ್ಪಿಗೆ ಇಲ್ಲ. ಕಾರಣ, ದೇವರ ರಾಜ್ಯ ಹತ್ತಿರವಿದೆಯಂತೆ.” ಆಮೇಲೆ ತಲೆಯೆತ್ತಿದಳು. “ಆ ‘ಅಂತೆ’ ನೋಡಪ್ಪ. ಡಾಕ್ಟರಮ್ಮ ಎಷ್ಟು ಮರ್ಯಾದೆಯಿಂದ ಬರೆದಿದಾರೆ.”

ಮೇಸ್ತ್ರಿ ಡಬ್ಬಿಯ ಮುಚ್ಚಳ ಹಾಕಿದ, ಮತ್ತೆ ತೆಗೆದ.

“ಚಿಕ್ಕವಳಿದ್ದಾಗ ಕೇಳಿದ್ದೆ, ನನಗೆ ಯಾಕೆ ಆಪರೇಷನ್ ಮಾಡಿಸ್ಲಿಲ್ಲ ಅಂತ. ನಿನ್ನ ಕಾಲಿಗೆ ಆಗೋ ಹಾಗಿರಲಿಲ್ಲ ಪುಟ್ಟಿ ಅಂದಿದ್ದೆ ನೀನು.”

“ಹೌದು.”

“ಸುಳ್ಳು ಹೇಳಿದೆ.”

“ಹೌದು.”

“ಹದಿಮೂರು ವರ್ಷ ಆಯ್ತಪ್ಪ. ಎಲ್ಲಿ ನಿನ್ನ ರಾಜ್ಯ?”

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎಂದು ಮೇಸ್ತ್ರಿಗೆ ಅನ್ನಿಸಿತು. ಫೈಲನ್ನು ಅವನ ಮೇಜಿನ ಮೇಲಿಡಲೂ ಮನಸ್ಸಾಗದೆ ಎದೆಗೆ ಒತ್ತಿಕೊಂಡು ಹೋದಳು. ಕಾರಿಡಾರಿನುದ್ದಕ್ಕೂ ಕ್ಯಾಲಿಪರಿನ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಆ ಸದ್ದು ಮಾಡಿಕೊಟ್ಟವನು ತಾನೇ.

ಅಂದಿನಿಂದ ಮಗಳು ಅವನ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಅಡುಗೆ, ಆದರೆ ಅವನು ಕೂತರೆ ಅವಳು ಏಳುತ್ತಿದ್ದಳು. ಹೆಂಡತಿಯನ್ನು ಕೇಳಿದ, “ನೀನಾದ್ರೂ ಒಂದು ಮಾತು ಹೇಳಬಾರದಾ ಅವಳಿಗೆ?” ಅವಳು ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. “ಏನು ಹೇಳ್ಲಿ? ಅವತ್ತು ಸುಮ್ಮನಿದ್ದೋಳು ನಾನು. ನಿಮ್ಮ ಮೇಲೆ ಅವಳಿಗೆ ಕೋಪ ಇದೆ. ನನ್ನ ಮೇಲೆ ನನಗೇ ಇದೆ.”

ಮೇಸ್ತ್ರಿ ಅಂಚೆ ತಾತನ ಮನೆಗೆ ಹೋದ. ಅವರು ಹಾಸಿಗೆ ಹಿಡಿದು ವರ್ಷವಾಗಿತ್ತು. ಕಿಟಕಿಯ ಪಕ್ಕದ ಮಂಚ, ಕೆಳಗೆ ಇನ್ನು ಬೇಡವಾದ ಎತ್ತರದ ಅಟ್ಟೆಯ ಬೂಟು. ನಡೆದದ್ದನ್ನೆಲ್ಲ ಹೇಳಿದ. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

“ನಾನು ಬೇಡ ಅಂದಿದ್ನಾ?”

“ಇಲ್ಲ ತಾತ. ನೀವು ಹತ್ತಿರ ಅಂದ್ರಿ.”

“ಹತ್ತಿರ ಅಂದ್ರೆ ಎಷ್ಟು ಅಂತ ನೀನು ಕೇಳ್ಲಿಲ್ಲ. ಕೇಳಿದ್ರೂ ನನ್ನ ಹತ್ರ ಉತ್ತರ ಇರಲಿಲ್ಲ.” ಅವರ ಧ್ವನಿ ಸಣ್ಣದಾಯಿತು. “ಒಂದು ಮಾತು ಹೇಳ್ತೀನಿ, ಸಭೇಲಿ ಹೇಳ್ಬೇಡ. ನಾನು ಸಾಯಲ್ಲ ಅಂದ್ಕೊಂಡಿದ್ದೆ. ಈ ಕಣ್ಣಲ್ಲೇ ನೋಡ್ತೀನಿ ಅಂತಿದ್ದೆ. ಈಗ ಉಸಿರು ತಗೊಳ್ಳೋಕೆ ಕಷ್ಟ ಆಗ್ತಿದೆ. ಅವನು ಬರ್ತಾನೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದ್ರೆ ಅವನ ಹೊತ್ತನ್ನ ನಾನು ನನ್ನ ಜೇಬಲ್ಲಿಟ್ಕೊಂಡು ಓಡಾಡಿದೆ. ನೀನು ನಿನ್ನ ಹೆದರಿಕೆಯನ್ನ ಅವನ ಹೆಸರಿನ ಕೆಳಗೆ ಬಚ್ಚಿಟ್ಟೆ.”

ಮೇಸ್ತ್ರಿ ಅವರ ಮಂಚದ ಕಾಲನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಅಷ್ಟರಲ್ಲಿ ಮಗಳು ಯಾರನ್ನೂ ಕೇಳದೆ ಈಗಿನ ಮೂಳೆ ಡಾಕ್ಟರನ್ನು ಕಂಡಿದ್ದಳು. ಸ್ನಾಯು ಹೊಲಿಯುವ ಕಾಲ ಮುಗಿದಿತ್ತು. ಮಂಡಿಯ ಮೇಲಿನ ಮೂಳೆ ಕತ್ತರಿಸಿ ನೇರ ಮಾಡಿ ಕೂರಿಸಬಹುದು, ಆಗ ಕಾಲು ಕೋಲಿನಂತೆ ನೆಟ್ಟಗೆ ನಿಲ್ಲುತ್ತದೆ, ಓಟವಿಲ್ಲ, ಆದರೆ ತೊಡೆಯ ಕವಚ ತಪ್ಪುತ್ತದೆ ಎಂದರು. ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಿದಳು. ಆಪರೇಷನ್ನಿನ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೆ ಹೇಳಿದಳು. ಮೇಸ್ತ್ರಿ ಒಳಕೋಣೆಯಲ್ಲಿ ಕೇಳಿಸಿಕೊಂಡ.

ಆ ದಿನ ಆಪರೇಷನ್ ಥಿಯೇಟರಿನ ಹೊರಗೆ, ಗೋಡೆಗೆ ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಗಂಡ ಹೆಂಡತಿ ಕೂತರು. ಮೂರು ಗಂಟೆ. ಮೇಸ್ತ್ರಿ ಪ್ರಾರ್ಥನೆಗೆ ಕಣ್ಣು ಮುಚ್ಚಿದ. ಎಷ್ಟೋ ವರ್ಷದಿಂದ ಬಾಯಿಪಾಠವಾದ ಪ್ರಾರ್ಥನೆ, ರಾಜ್ಯ ಬರಲಿ ಎಂದು ಬೇಡುವ ಸಾಲಿಗೆ ಬಂದು ನಿಂತಿತು. ಮುಂದಕ್ಕೆ ಹೋಗಲಾಗಲಿಲ್ಲ, ಬಿಟ್ಟು ಹಾರಲೂ ಆಗಲಿಲ್ಲ. ಪಕ್ಕದಲ್ಲಿ ಹೆಂಡತಿ ಪಿಸುಗುಟ್ಟುತ್ತ ಪೂರ್ತಿ ಹೇಳಿದಳು. ಅವನು ಅವಳ ತುಟಿಗಳನ್ನೇ ನೋಡುತ್ತ ಕೂತ.

ಕಾಲು ನೇರವಾಯಿತು. ನಾಲ್ಕು ತಿಂಗಳ ಮೇಲೆ ಮಗಳು ಒಂದು ಕೈಗೋಲು ಹಿಡಿದು, ಮೊಣಕಾಲಿನ ಕೆಳಗಿನ ಸಣ್ಣ ಕ್ಯಾಲಿಪರಿನಲ್ಲಿ ನಡೆದಳು. ಆ ಕ್ಯಾಲಿಪರನ್ನು ಅವಳು ತಂದೆಯಿಂದ ಮಾಡಿಸಲಿಲ್ಲ, ಪೇಟೆಯ ಇನ್ನೊಂದು ಅಂಗಡಿಯಲ್ಲಿ ಮಾಡಿಸಿಕೊಂಡಳು. ಅದರ ರಿವೆಟ್ಟು ಒರಟಾಗಿತ್ತು. ಮೇಸ್ತ್ರಿ ಅದನ್ನು ದೂರದಿಂದಲೇ ಕಂಡ.

ಅಂಚೆ ತಾತ ಅದೇ ವರ್ಷ ತೀರಿಕೊಂಡರು. ಅವರ ನೆನಪಿಗೆ ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸಭೆ ಸೇರಿದಾಗ ಒಬ್ಬೊಬ್ಬರೂ ಎದ್ದು ಎರಡು ಮಾತಾಡಿದರು. ಮೇಸ್ತ್ರಿಯ ಸರದಿ ಬಂತು. ಎರಡು ಮಾತಿಗೆ ಎದ್ದವನು ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಮಗಳ ಕಾಲು, ಡಾಕ್ಟರಮ್ಮ, ಫೈಲು, ತಾನು ಹೇಳಿದ ಸುಳ್ಳು. “ರಾಜ್ಯ ಬರುತ್ತೆ ಅಂತ ನಾನು ಈಗಲೂ ನಂಬ್ತೀನಿ,” ಎಂದ. “ಆದ್ರೆ ನಿಮ್ಮಲ್ಲಿ ಯಾರಾದ್ರೂ ಅದರ ನೆಪದಲ್ಲಿ ಇವತ್ತು ಮಾಡಬೇಕಾದ್ದನ್ನ ಮುಂದಕ್ಕೆ ಹಾಕಿದ್ರೆ, ಹಾಕ್ಬೇಡಿ. ನಾನು ಹಾಕಿದ್ದೆ.” ಕುರ್ಚಿಗಳು ಕಿರುಗುಟ್ಟಿದವು. ಒಬ್ಬರು ಎದ್ದು ಹೊರಗೆ ಹೋದರು. ಇನ್ನೊಬ್ಬರು ಮೆಟ್ಟಿಲಲ್ಲಿ ಅವನ ತೋಳು ಹಿಡಿದು, “ಇದು ಅಂಥಾ ಮಾತಾಡೋ ಜಾಗವಾ?” ಎಂದು ಗದರಿಸಿದರು. ಒಬ್ಬ ಹೆಂಗಸು ಮಾತ್ರ ಮಗುವನ್ನು ಎತ್ತಿಕೊಂಡು ಹತ್ತಿರ ಬಂದು, ಮೂಳೆ ವಿಭಾಗ ಯಾವ ದಿನ ತೆರೆದಿರುತ್ತದೆ ಎಂದು ಕೇಳಿದಳು.

ಎದೆಯ ಭಾರ ಇಳಿಯಿತೆಂದುಕೊಂಡು ಅವನು ಮನೆಗೆ ಬಂದ. ಸಭೆಯಿಂದ ಅವನಿಗಿಂತ ಮುಂಚೆ ಮನೆ ಸೇರಿದ್ದ ಹೆಂಡತಿ ಅಲ್ಲಿ ನಡೆದದ್ದನ್ನೆಲ್ಲ ಆಗಲೇ ಮಗಳಿಗೆ ಹೇಳಿದ್ದಳು. ಏಳು ತಿಂಗಳಲ್ಲಿ ಮೊದಲ ಸಲ ಮಗಳು ಅವನ ಎದುರಿಗೆ ಕುರ್ಚಿ ಎಳೆದು ಕೂತಳು.

“ಎಲ್ಲರ ಮುಂದೆ ನನ್ನ ಕಾಲಿನ ವಿಷಯ ಹೇಳೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ಯಾ ಅಪ್ಪ?”

ಮೇಸ್ತ್ರಿ ಕೇಳಿರಲಿಲ್ಲ. ಅದು ಹೊಳೆದೇ ಇರಲಿಲ್ಲ.

“ಅವತ್ತೂ ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ,” ಎಂದಳು. “ಒಂಬತ್ತು ವರ್ಷದೋಳನ್ನ ಕೇಳಿದ್ದಿದ್ರೆ ನಾನೂ ಬೇಡ ಅಂತಿದ್ನೇನೋ, ಸೂಜಿ ಕಂಡ್ರೆ ಕಿರುಚ್ತಿದ್ದೆ. ಆದ್ರೂ ಕೇಳಬೇಕಿತ್ತು.”

“ಕೇಳಬೇಕಿತ್ತು,” ಎಂದ ಮೇಸ್ತ್ರಿ.

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಎದ್ದೂ ಹೋಗಲಿಲ್ಲ. ತಾಯಿ ಮೂರು ತಟ್ಟೆ ತಂದು ಹಾಕಿದಳು. ಊಟದ ನಡುವೆ ಮಗಳು ಸಾರಿನ ಪಾತ್ರೆಯನ್ನು ಅವನ ಕಡೆಗೆ ಸರಿಸಿ, “ಆ ಮಗುವಿನ ತಾಯಿಗೆ ಯಾವ ದಿನ ಅಂತ ಹೇಳ್ದೆ?” ಎಂದು ಕೇಳಿದಳು.

“ಮಂಗಳವಾರ.”

“ಮಂಗಳವಾರ ರಶ್ಶು ಜಾಸ್ತಿ. ಬೆಳಿಗ್ಗೆ ಎಂಟಕ್ಕೇ ಬಂದು ನನ್ನ ಕಾಣೋಕೆ ಹೇಳು. ಚೀಟಿ ನಾನು ಮಾಡಿಸಿ ಕೊಡ್ತೀನಿ.”