ಎಂಟನೆಯ ಕರಡು

ನಮ್ಮ ಕನ್ನಡ ಸರ್ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪೆನ್ ಡ್ರೈವ್ ನೇತಾಡುತ್ತಿತ್ತು. ಬೇರೆಯವರ ಕೊರಳಲ್ಲಿ ತಾಯಿತ ಇರುವ ಜಾಗದಲ್ಲಿ, ಅಂಗಿಯ ಎರಡನೇ ಗುಂಡಿಯ ಹತ್ತಿರ. ಪಾಠ ಮಾಡುವಾಗ ಎಡಗೈ ತಾನಾಗಿ ಅದರ ಮೇಲೆ ಹೋಗಿ ಕೂರುತ್ತಿತ್ತು. ಟೈಪ್ ಮಾಡುತ್ತಿದ್ದದ್ದು ಬಲಗೈಯ ತೋರುಬೆರಳೊಂದರಿಂದಲೇ. ಉಳಿದ ಒಂಬತ್ತು ಬೆರಳುಗಳು ರಜೆ ಹಾಕಿವೆ ಎಂದು ನಾವು ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದೆವು.

ಬಳ್ಳಾರಿಯಲ್ಲಿ ಆಗ ಅದಿರಿನ ಕಾಲ. ನಿನ್ನೆ ಸೈಕಲ್ ಮೇಲೆ ಬರುತ್ತಿದ್ದವನು ಇವತ್ತು ಎರಡು ಲಾರಿಗಳ ಮಾಲೀಕ. ಕಾಲೇಜಿನ ಹುಡುಗರು ಅರ್ಧಕ್ಕರ್ಧ ರಸ್ತೆಯಲ್ಲೇ ಇರುತ್ತಿದ್ದರು. ಹಾಜರಿ ಕರೆಯುವಾಗ ಸರ್ ಪ್ರತಿ ಹೆಸರಿಗೂ ಒಮ್ಮೆ ಕಿಟಕಿಯ ಆಚೆ ಲಾರಿ ಸಾಲಿನತ್ತ ನೋಡಿ, ಹುಡುಗ ಅಲ್ಲಿಂದಲೇ ಓಗೊಡುತ್ತಾನೇನೋ ಎಂಬಂತೆ ಕಾಯುತ್ತಿದ್ದರು. ಅವರು ಮಾತ್ರ ಕುರುಗೋಡಿನಿಂದ ದಿನಾ ಬಸ್ಸಿಗೇ ಬರುತ್ತಿದ್ದರು. ಕೈಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ. ಊಟ ತರದ ಹುಡುಗಿ ಯಾರೆಂದು ಅವರಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಆ ರೊಟ್ಟಿಯನ್ನು ನಾನೂ ತಿಂದಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಷ್ಟು ಒಳ್ಳೆಯ ಮನಸ್ಸು ನನಗೆ ಉಳಿಯಲಿಕ್ಕಿಲ್ಲ.

ಡಿಗ್ರಿ ಕೊನೆಯ ವರ್ಷದ ಪರೀಕ್ಷೆಯಲ್ಲಿ ನಮಗೆ ಬರವಣಿಗೆಯದೇ ಒಂದು ಪತ್ರಿಕೆ ಇತ್ತು. ಬೇರೆ ಕಾಲೇಜುಗಳಲ್ಲಿ ಅದಕ್ಕೆ ನೋಟ್ಸ್ ಬರೆಸಿ ಮುಗಿಸುತ್ತಿದ್ದರಂತೆ. ಸರ್ ಹಾಗೆ ಬಿಡಲಿಲ್ಲ. ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ತಮ್ಮದೊಂದು ಕಡತ ಕಟ್ಟಬೇಕು. ಬರೆದ ಪ್ರಬಂಧಗಳೆಲ್ಲ ಅದರಲ್ಲಿ ಇರಬೇಕು. ತಿದ್ದಿದ ಪ್ರತಿ ಸಲವೂ ಹಳೆಯದನ್ನು ಹಾಗೇ ಇಟ್ಟು ಹೊಸ ಸಂಖ್ಯೆ ಕೊಟ್ಟು ಉಳಿಸಬೇಕು. ಕೊನೆಗೆ ಒಂದು ಪುಟ, ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು. ಕಡತಕ್ಕೆ ಅವರು ಇಟ್ಟ ಹೆಸರು ‘ಗಂಟು’. ಕೊನೆಯ ಪುಟದ ಹೆಸರು ‘ಹಿನ್ನೋಟ’. ವಿಭಾಗದಲ್ಲಿದ್ದದ್ದು ಮೂರು ಹಳೇ ಕಂಪ್ಯೂಟರು, ಅದರಲ್ಲಿ ಒಂದು ಹೊಡೆದರೆ ಮಾತ್ರ ಏಳುತ್ತಿತ್ತು. ಕರೆಂಟು ಹೋದರೆ ಸರ್ ನಮ್ಮನ್ನು ಪಾರ್ವತಿನಗರದ ಇಂಟರ್‌ನೆಟ್ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯವನು ಅವರ ಹಳೇ ಶಿಷ್ಯ, ಪಾಪ, ಬೇಡ ಅನ್ನಲಾಗದೆ ಕೂರಿಸುತ್ತಿದ್ದ.

"ಕರಡು ಅಳಿಸಬ್ಯಾಡ್ರಿ. ಅಳಿಸಿದ್ರ ನೀವು ಎಲ್ಲಿಂದ ಬಂದ್ರಿ ಅನ್ನೋದು ನಿಮಗ ಗೊತ್ತಾಗಂಗಿಲ್ಲ," ಎನ್ನುತ್ತಿದ್ದರು. ಹಿನ್ನೋಟದ ಬಗ್ಗೆ ಇನ್ನೂ ಬಿಗಿ. "ಆ ಪುಟಕ್ಕ ಯಾರೂ ಕೈ ಹಾಕಬಾರದು. ನಾನೂ ಸೈತ." ಹೇಳಿದಂತೆಯೇ ಅದನ್ನು ಅವರು ಓದುತ್ತಿದ್ದರು, ಒಂದು ಅಕ್ಷರ ತಿದ್ದುತ್ತಿರಲಿಲ್ಲ.

ನಾವು ಪಿಂಜಾರರು. ಅಪ್ಪನದು ಹಲಕುಂದಿ ರಸ್ತೆಯ ಪಕ್ಕ ತಗಡಿನ ಶೆಡ್ಡು. ಅಲ್ಲೇ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುತ್ತಿದ್ದ. ನನ್ನ ಗಂಟಿನಲ್ಲಿದ್ದ ದೊಡ್ಡ ಪ್ರಬಂಧ ಆ ಶೆಡ್ಡಿನದೇ. ಒಬ್ಬ ಗಣಿ ಮಾಲೀಕರ ಮನೆಯ ಮದುವೆಗೆಂದು ಅಪ್ಪನಿಗೆ ಗಾದಿಗಳ ಕೆಲಸ ಬಂದಿತ್ತು. ಹಗಲೆಲ್ಲ ಅದಿರಿನ ಲಾರಿ ಸಾಲುಗಟ್ಟಿ ಹೋಗುವ ರಸ್ತೆ ಅದು. ಎಷ್ಟು ಪರದೆ ಕಟ್ಟಿದರೂ ಧೂಳು ಹತ್ತಿಯೊಳಗೆ ಇಳಿಯಿತು. ಹೊಲಿದ ಗಾದಿಗಳಲ್ಲಿ ಹದಿನಾಲ್ಕನ್ನು ಅವರ ಮ್ಯಾನೇಜರು ಕೆಂಪಾಗಿವೆ ಎಂದು ವಾಪಸು ಕಳಿಸಿದ. ಅವು ಬಂದದ್ದು ಅದೇ ಮಾಲೀಕರ ಲಾರಿಯಲ್ಲಿ, ಅದೇ ಅದಿರಿನ ಮೇಲೆ.

ನಡೆದದ್ದು ಇಷ್ಟೇ. ಬರೆಯಲು ನನಗೆ ಏಳು ಕರಡು ಬೇಕಾದವು. ಅಪ್ಪನಿಗೆ ಓದು ಬರುವುದಿಲ್ಲ. ಪ್ರತಿ ಕರಡನ್ನೂ ಶೆಡ್ಡಿನಲ್ಲಿ ಕೂತು ಓದಿ ಹೇಳುತ್ತಿದ್ದೆ. ದಬ್ಬಣ ಆಡಿಸುತ್ತಲೇ ಆತ ತಪ್ಪು ಹಿಡಿಯುತ್ತಿದ್ದ. ಮ್ಯಾನೇಜರು ಬಂದದ್ದು ಗುರುವಾರ ಅಲ್ಲ, ಶುಕ್ರವಾರ; ತಾನಾಗ ನಮಾಜು ಮುಗಿಸಿ ಬಂದಿದ್ದೆ ಎನ್ನುತ್ತಿದ್ದ. ವಾಪಸು ಬಂದದ್ದು ಹನ್ನೆರಡಲ್ಲ, ಹದಿನಾಲ್ಕು. ಸರ್ ತಿದ್ದುತ್ತಿದ್ದದ್ದು ಬೇರೆ. ಎರಡನೇ ಕರಡಿನಲ್ಲಿ ನಾನು ಧೂಳಿಗೆ ಒಂದು ಚಂದದ ಹೋಲಿಕೆ ಕೊಟ್ಟಿದ್ದೆ. ಅದಕ್ಕೆ ಗೆರೆ ಎಳೆದು, ಧೂಳನ್ನು ಧೂಳು ಅನ್ನಲು ಏನು ಕಷ್ಟ ಎಂದು ಕೇಳಿದರು. ಏಳನೆಯದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಮುಟ್ಟಬೇಡ ಎಂದರು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ವರ್ಷ ಕಾಲೇಜಿಗೆ ಇಪ್ಪತ್ತು ಹೊಸ ಕಂಪ್ಯೂಟರು ಬಂದವು. ಕೊಟ್ಟವರು ಆ ಮದುವೆ ಮನೆಯ ಮಾಲೀಕರೇ. ಉದ್ಘಾಟನೆಗೆ ಶಾಮಿಯಾನ ಹಾಕಿದರು. ವಿದ್ಯಾರ್ಥಿಗಳ ಗಂಟುಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ತೀರ್ಮಾನವಾಯಿತು. ಸರ್ ಮೊದಲು ಆರಿಸಿದ್ದು ನನ್ನದನ್ನು. ತಾವೇ ನಮ್ಮ ಶೆಡ್ಡಿಗೆ ಬಂದು, ಹತ್ತಿಯ ನಡುವೆ ಚಕ್ಕಳಮಕ್ಕಳ ಕೂತು ಚಹಾ ಕುಡಿದು, "ನೀವು ಬರಬೇಕ್ರಿ. ನಿಮ್ಮ ಮಗಳ ಬರಹ ನಾನ ಓದ್ತೀನಿ," ಎಂದು ಅಪ್ಪನನ್ನು ಕರೆದರು. ಮಾಲೀಕರ ಎದುರೇ ಅದನ್ನು ಓದುವ ಧೈರ್ಯ ಇವರಿಗೆ ಇದೆಯಲ್ಲ ಎಂದು ನನಗೆ ಎದೆ ತುಂಬಿ ಬಂತು. ನನ್ನಷ್ಟು ದಡ್ಡಿ ಆ ವರ್ಷ ಬಳ್ಳಾರಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಮೂರನೇ ಸಾಲಿನಲ್ಲಿ ಇಬ್ಬರೂ ಕೂತೆವು. ಪರದೆಯ ಮೇಲೆ ನನ್ನ ಹೆಸರು ಬಂತು. ಸರ್ ಮೈಕಿನಲ್ಲಿ ಓದತೊಡಗಿದರು. ಮೊದಲ ಎರಡು ಪ್ಯಾರಾ ನನ್ನವೇ. ಮೂರನೆಯದರಲ್ಲಿ ಗಾದಿಗಳು ಮದುವೆ ಮನೆಗೆ ಹೋದವು, ವಾಪಸು ಬರಲೇ ಇಲ್ಲ. ಬೀಗರೆಲ್ಲ ಅವುಗಳ ಮೇಲೆ ಮಲಗಿ ಅಪ್ಪನ ಕೈಯನ್ನು ಹೊಗಳಿದರು. ಆಮೇಲೆ, ನನ್ನ ಯಾವ ಕರಡಿನಲ್ಲೂ ಇರದಿದ್ದ ಸಾಲು, "ಈ ಕೆಂಪು ಧೂಳು ನಮ್ಮ ನೆಲದ ಹಣೆಗಿಟ್ಟ ಕುಂಕುಮ." ಶಾಮಿಯಾನದ ತುಂಬ ಚಪ್ಪಾಳೆ. ಕೊನೆಗೆ ಹಿನ್ನೋಟ, ಅದೂ ನನ್ನ ಹೆಸರಲ್ಲೇ: ಮೊದಲು ನಾನು ಸಿಟ್ಟಿನಿಂದ ಬರೆದಿದ್ದೆ, ತಿದ್ದುತ್ತ ತಿದ್ದುತ್ತ ನನ್ನ ತಪ್ಪು ನನಗೆ ತಿಳಿಯಿತು.

ನಾನು ಅಪ್ಪನ ಕಡೆ ನೋಡಲಿಲ್ಲ. ಅಪ್ಪ ಚಪ್ಪಾಳೆ ತಟ್ಟಲಿಲ್ಲ ಎಂಬುದು ಮಾತ್ರ ಗೊತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, "ಅದು ನೀ ಬರ್ದಿದ್ದೇನವ್ವಾ?"

ಅಲ್ಲ ಎಂದೆ.

"ಮತ್ತ ಎದ್ದು ಹೇಳಬೇಕಿತ್ತಲ್ಲ."

ಅವತ್ತಿನಿಂದ ಅಪ್ಪ ನಾನು ಬರೆದದ್ದನ್ನು ಓದು ಎಂದು ಕೇಳಲಿಲ್ಲ. ಸರ್ ನನ್ನಿಂದ ಕಿತ್ತುಕೊಂಡದ್ದು ಇದು. ಪ್ರಬಂಧ ಹೋದರೆ ಇನ್ನೊಂದು ಬರೆದೇನು. ದಬ್ಬಣ ಆಡಿಸುತ್ತ ನನ್ನ ತಪ್ಪು ಹಿಡಿಯುತ್ತಿದ್ದ ಆ ಕಿವಿಯನ್ನು ಎಲ್ಲಿಂದ ತರಲಿ?

ಮರುದಿನ ಹೊಸ ಲ್ಯಾಬಿನಲ್ಲಿ ಗಂಟು ತೆರೆದೆ. ನನ್ನ ಏಳು ಕರಡುಗಳೂ ಇದ್ದವು, ನನ್ನ ಹಿನ್ನೋಟವೂ ಇತ್ತು. ಅವುಗಳ ಕೆಳಗೆ, ನಮ್ಮ ಕ್ರಮದಂತೆಯೇ ಹೊಸ ಸಂಖ್ಯೆ ಕೊಟ್ಟು, ಎಂಟನೆಯದು. ಅದರ ಜೊತೆಗೆ ಇನ್ನೊಂದು ಹಿನ್ನೋಟ. ಆ ಒಂದೇ ಬೆರಳಿನಲ್ಲಿ ಅಷ್ಟನ್ನೂ ಟೈಪ್ ಮಾಡಲು ಅವರಿಗೆ ಎಷ್ಟು ಹೊತ್ತು ಹಿಡಿದಿರಬೇಕು ಎಂದು ಲೆಕ್ಕ ಹಾಕಿದೆ. ನಡುವೆ ಎಲ್ಲಾದರೂ ಬೆರಳು ನಿಲ್ಲಬಹುದಿತ್ತು.

ಸರ್ ಬಾಗಿಲಲ್ಲಿ ನಿಂತಿದ್ದರು. ಯಾಕೆ ಸರ್ ಎಂದೆ. ಅವರ ಕೈ ಪೆನ್ ಡ್ರೈವ್ ಮೇಲೆ ಹೋಯಿತು.

"ನಿನ್ನವು ಏಳೂ ಹಂಗ ಅದಾವಲ್ಲ ತಂಗಿ. ನಾನೇನೂ ಅಳಿಸಿಲ್ಲ."

ಅವರು ಹೊಸ ಕಂಪ್ಯೂಟರುಗಳ ಸಾಲು ತೋರಿಸಿ, ಮುಂದಿನ ವರ್ಷದ ಮಕ್ಕಳು ಇನ್ನು ಪಾರ್ವತಿನಗರಕ್ಕೆ ಅಲೆಯಬೇಕಾಗಿಲ್ಲ ಎಂದರು. ದನಿಯಲ್ಲಿ ಬೇಡಿಕೆ ಇತ್ತು. ನಾನು ಸರಿ ಸರ್ ಅಂದಿದ್ದರೆ ಹಗುರಾಗುತ್ತಿದ್ದರು. ಅನ್ನಲಿಲ್ಲ. ಆ ಪತ್ರಿಕೆಗೆ ನನಗೆ ಪೂರ್ತಿ ಅಂಕ ಕೊಟ್ಟರು. ಅದು ಕೆನ್ನೆಗೆ ಹೊಡೆದಷ್ಟು ನೋವಾಯಿತು.

ಧೂಳಿಗೆ ಸೋತು ಅಪ್ಪ ಶೆಡ್ಡು ಬಿಚ್ಚಿ ಸಿರುಗುಪ್ಪಕ್ಕೆ ಬಂದ. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಕ್ಲಾಸಿನ ಮಕ್ಕಳೂ ಕರಡು ಅಳಿಸುವುದಿಲ್ಲ, ಹಿನ್ನೋಟ ಬರೆಯುತ್ತಾರೆ. ಬೇರೆ ದಾರಿ ನನಗೆ ಗೊತ್ತಿಲ್ಲ, ಗೊತ್ತಿದ್ದದ್ದನ್ನೆಲ್ಲ ಕಲಿಸಿದ್ದು ಅವರೇ. ಇದು ನನಗೆ ಎಷ್ಟು ಸಿಟ್ಟು ತರಿಸುತ್ತದೆ ಎಂದರೆ, ಒಂದೊಂದು ದಿನ ಸೀಮೆಸುಣ್ಣ ಮುರಿದು ಹಾಕುತ್ತೇನೆ.

ನಿವೃತ್ತರಾದ ಮೇಲೆ ಸರ್ ಒಮ್ಮೆ ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಸಿಕ್ಕರು. ದೇಶನೂರಿನ ನೆಂಟರ ಮನೆಯಿಂದ ಬಂದಿದ್ದರು, ಕೈಚೀಲದಲ್ಲಿ ಹೊಸ ಅಕ್ಕಿ. ಕೊರಳಲ್ಲಿ ದಾರವಿರಲಿಲ್ಲ. ಗುರುತು ಹಿಡಿದು, ಎರಡೂ ಕೈಯಿಂದ ನನ್ನ ಕೈ ಹಿಡಿದು, "ನೀ ಬರ್ದಿದ್ದ ಆ ಕುಂಕುಮದ ಸಾಲು ಕಡೀತನಕ ಕ್ಲಾಸಿನ್ಯಾಗ ಹೇಳ್ತಿದ್ದೆ ನೋಡು. ಅಂಥಾ ಸಾಲು ನನಗ ಒಂದೂ ಬರಿಯಾಕ ಆಗಲಿಲ್ಲ," ಎಂದರು.

ಮುಖವನ್ನೇ ನೋಡಿದೆ. ನಾಚಿಕೆ ಹುಡುಕಿದೆ, ಕಳ್ಳತನ ಹುಡುಕಿದೆ. ಎರಡೂ ಇರಲಿಲ್ಲ. ಆ ಸಾಲು ನನ್ನದೇ ಎಂದು ಮನುಷ್ಯ ನಿಜವಾಗಿಯೂ ನಂಬಿದ್ದರು. ಅಷ್ಟು ವರ್ಷ ನನ್ನೊಳಗೆ ಉರಿಯುತ್ತಿದ್ದ ಜಗಳಕ್ಕೆ ಎದುರಾಳಿಯೇ ಇಲ್ಲದಂತಾಯಿತು. ಬಸ್ಸು ಬಂತು. ಚೀಲ ಎತ್ತಿಕೊಟ್ಟೆ.

ಹೋದ ತಿಂಗಳು ಅವರು ತೀರಿಕೊಂಡರು. ಹಳೇ ವಿದ್ಯಾರ್ಥಿಗಳು ಸೇರಿ ನೆನಪಿನ ಪುಸ್ತಕ ತರುತ್ತಿದ್ದಾರೆ. ಅದರಲ್ಲಿ ಹಾಕಲು ನನ್ನ ಆ ಪ್ರಬಂಧ ಬೇಕಂತೆ, ಕುಂಕುಮದ್ದು. ಸರ್‌ಗೆ ಬಹಳ ಇಷ್ಟವಿತ್ತಲ್ಲ ಎಂದರು.

ಅದನ್ನು ಕಳಿಸುತ್ತಿಲ್ಲ, ಇದನ್ನು ಕಳಿಸುತ್ತಿದ್ದೇನೆ. ಕಳಿಸುವ ಮೊದಲು, ಕೇಳದಿದ್ದರೂ, ಅಪ್ಪನ ಮುಂದೆ ಕೂತು ಓದಿದೆ. ಅಪ್ಪನಿಗೆ ಈಗ ಕಣ್ಣು ಮಂಜು, ದಬ್ಬಣಕ್ಕೆ ದಾರ ನಾನೇ ಪೋಣಿಸಿಕೊಡಬೇಕು. ಪೂರ್ತಿ ಕೇಳಿ, ಸರ್ ಅವತ್ತು ಶೆಡ್ಡಿಗೆ ಬಂದಾಗ ಚಹಾ ಕುಡಿಯಲಿಲ್ಲ, ಅದು ತಣ್ಣಗಾಗುವ ತನಕ ಲೋಟ ಹಿಡಿದುಕೊಂಡು ಕೂತು ಹಾಗೇ ಇಟ್ಟು ಹೋದರು, ಅದನ್ನು ಸರಿ ಮಾಡು ಎಂದ.

ಮೇಲೆ ಕುಡಿದರು ಎಂದೇ ಇದೆ, ಇರಲಿ, ತಿದ್ದಿದ್ದು ಇಲ್ಲಿದೆ. ಇದು ಒಂಬತ್ತನೆಯ ಕರಡು. ಎಂಟನೆಯದನ್ನೂ ಅಳಿಸಿಲ್ಲ. ಅಳಿಸಬಾರದೆಂದು ಕಲಿಸಿದವರು ಅವರೇ.