ಸ್ವಿಚ್ಚಿಗೆ ಕಟ್ಟಿದ ಆಮೆ

ಧರಣೇಂದ್ರ ಅವರನ್ನು ಆಮೆ ಎಂದು ಕರೆದವರ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ. ಆ ದಿನ ಸಭಾಂಗಣದಲ್ಲಿ ನಕ್ಕವರು ಅರವತ್ತು ಜನ. ಅವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಸಿಟ್ಟಿನಲ್ಲಿ ನನಗೂ ಒಂದು ಪಾಲು ಎತ್ತಿಟ್ಟಿದ್ದೇನೆ, ದೊಡ್ಡ ಪಾಲೇ.

ತಿರುವನಂತಪುರದ ಒಂದು ಕೇಂದ್ರ ಸಂಸ್ಥೆ ನಮ್ಮದು. ಹೆಸರು ಬೇಡ. ನಾನು ಪ್ರೇಮ, ಮೈಸೂರಿನವಳು, ಅಲ್ಲಿಯ ಆಡಳಿತ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವಳು. ಧರಣೇಂದ್ರ ಕಾರ್ಕಳದ ಕಡೆಯ ಜೈನರ ಮನೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ನಮ್ಮ ಸುರಕ್ಷತಾ ಅಧಿಕಾರಿ. ಎಲ್ಲರಿಂದಲೂ ಬೈಸಿಕೊಳ್ಳುವ ಕೆಲಸ ಅದು. ಕಾಲಿಗೆ ರಬ್ಬರ್ ಇಲ್ಲದ ಏಣಿಯನ್ನು ಯಾರೂ ಹತ್ತಲು ಬಿಡುತ್ತಿರಲಿಲ್ಲ. ನೋಡದೆ ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ. ಮನೆಗೆ ಊಟಕ್ಕೆ ಕರೆದರೆ ಮೊದಲು ಅಡುಗೆಮನೆಗೆ ನುಗ್ಗಿ ಗ್ಯಾಸ್ ಟ್ಯೂಬಿನ ಮೇಲಿನ ತಾರೀಕು ಓದುವ ಮನುಷ್ಯ. "ಇದನ್ನು ಕಳೆದ ವರ್ಷವೇ ಬದಲಿಸ್ಲಿಕ್ಕಿತ್ತು ಪ್ರೇಮಕ್ಕ" ಎಂದು ಹೇಳಿ ಆಮೇಲೆ ಎಲೆಯ ಮುಂದೆ ಕೂರುತ್ತಿದ್ದರು. ಹೊಸ ಟ್ಯೂಬು ಮರುದಿನ ಅವರೇ ತಂದು ಹಾಕಿದ್ದರು.

ಅವರ ಜೇಬಿನಲ್ಲಿ ಸದಾ ಕೆಂಪು ಚೀಟಿಗಳ ಕಟ್ಟು ಇರುತ್ತಿತ್ತು. ಯಾವುದಾದರೂ ಯಂತ್ರದೊಳಗೆ ಆಳು ಇಳಿದು ಕೆಲಸ ಮಾಡುವಾಗ ಅದರ ಮೇನ್ ಸ್ವಿಚ್ ಆರಿಸಿ ಒಂದು ಕೆಂಪು ಚೀಟಿ ಕಟ್ಟುವುದು ಕ್ರಮ. ಮುಂಬದಿಯಲ್ಲಿ, ಒಳಗೆ ಆಳಿದ್ದಾರೆ, ಮುಟ್ಟಬೇಡಿ ಎಂದು ಮೂರು ಭಾಷೆಯಲ್ಲಿ ಬರೆದಿರುತ್ತದೆ. ಹಿಂಬದಿಯಲ್ಲಿ ಎರಡು ಸಾಲು: ಕಟ್ಟಿದವರ ಸಹಿ ಮತ್ತು ಹೊತ್ತು, ತೆಗೆದವರ ಸಹಿ ಮತ್ತು ಹೊತ್ತು. ಕಟ್ಟಿದವರೇ ತೆಗೆಯಬೇಕು, ಬೇರೆಯವರು ಮುಟ್ಟಕೂಡದು. ಈ ನಿಯಮವನ್ನು ಟೈಪ್ ಮಾಡಿ ಎಲ್ಲ ವಿಭಾಗಕ್ಕೂ ಕಳಿಸಿದವಳು ನಾನೇ. ಬೀಗ ಹಾಕಲು ಬರುವಂಥ ಹೊಸ ಸ್ವಿಚ್ ಪೆಟ್ಟಿಗೆ ಕೊಡಿಸಿ ಎಂದು ಅವರು ಬರೆದ ನಾಲ್ಕು ಪತ್ರಗಳನ್ನು ಫೈಲಿಗೆ ಸೇರಿಸಿ ಮರೆತವಳೂ ನಾನೇ. ಆಫೀಸಿನ ದಾರ ಬೇಗ ಹರಿಯುತ್ತದೆಂದು ಅವರು ಚಾಲೈ ಪೇಟೆಗೆ ತಾವೇ ಹೋಗಿ ನೀಲಿ ನೈಲಾನ್ ಹುರಿ ತರುತ್ತಿದ್ದರು. ಆ ನೀಲಿ ಹುರಿ ನಮ್ಮಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ.

ಇಂಥ ಮನುಷ್ಯನಿಗೆ ಒಂದು ಹುಚ್ಚಿತ್ತು, ಮಕ್ಕಳು ಓದುವ ಮಾಯಾಲೋಕದ ಇಂಗ್ಲಿಷ್ ಕಾದಂಬರಿಗಳು. ಹತ್ತನೇ ತರಗತಿಯ ಮಗಳು ಅಪರ್ಣಾ ಓದಿ ಮುಗಿಸಿದ್ದನ್ನು ಅಪ್ಪ ಊಟದ ಬಿಡುವಿನಲ್ಲಿ ಓದುತ್ತಿದ್ದರು. ಅದರಲ್ಲೂ ಕಾವಲು ಪ್ರಾಣಿಗಳ ಕತೆಯಾದರೆ ಮಜ್ಜಿಗೆ ಅನ್ನ ಕೈಯಲ್ಲೇ ಒಣಗುತ್ತಿತ್ತು. ಆ ಕತೆಗಳಲ್ಲಿ ಮನುಷ್ಯನ ಮನಸ್ಸೇ ಒಂದು ಪ್ರಾಣಿಯಾಗಿ ಹೊರಗೆ ಬಂದು ಕಾಯುತ್ತದಂತೆ, ಒಬ್ಬನಿಗೆ ತೋಳ, ಒಬ್ಬಳಿಗೆ ಗೂಬೆ. ಸ್ವಭಾವ ಹೇಗೋ ಪ್ರಾಣಿ ಹಾಗೆ ತಾನೇ ಎಂದು ನಾನು ಒಮ್ಮೆ ಕೇಳಿದ್ದೆ.

"ಹಾಗಲ್ಲ ಪ್ರೇಮಕ್ಕ. ನೀವು ಜೋರಾ, ಪಾಪವಾ ಅಂತ ಅದು ನೋಡುದಿಲ್ಲ. ಇನ್ನೊಬ್ಬರಿಗೆ ಅಪಾಯ ಬಂದಾಗ ನಿಮ್ಮ ಒಳಗಿಂದ ಎಂತ ಎದ್ದು ಬರ್ತದೆ, ಅದು ನಿಮ್ಮ ಪ್ರಾಣಿ. ಅಲ್ಲಿವರೆಗೆ ನಿಮಗೇ ಗೊತ್ತಿರುದಿಲ್ಲ."

ಇದಕ್ಕೆ ಅವರ ಅಜ್ಜಿಯ ಕತೆಯೊಂದು ಜೊತೆಗಿತ್ತು. ತಪಸ್ಸಿಗೆ ನಿಂತ ಪಾರ್ಶ್ವನಾಥನ ಮೇಲೆ ವೈರಿ ಕಲ್ಲುಮಳೆ ಸುರಿಸಿದಾಗ ನಾಗರಾಜ ಬಂದು ಹೆಡೆ ಬಿಚ್ಚಿ ಹಿಡಿದ ಕತೆ. ಆ ನಾಗರಾಜನ ಹೆಸರನ್ನೇ ಅಜ್ಜಿ ಮೊಮ್ಮಗನಿಗೆ ಇಟ್ಟಿದ್ದರು.

ಕಳೆದ ಮೇ ತಿಂಗಳಲ್ಲಿ ನಮ್ಮ ಆಡಳಿತಾಧಿಕಾರಿ ಯಶವಂತ್ ಸಿಬ್ಬಂದಿಗೆ ಎರಡು ದಿನದ ತರಬೇತಿ ಇಟ್ಟರು. ಬೆಂಗಳೂರಿನಿಂದ ಸುಮಂತ್ ಎಂಬ ತರಬೇತುದಾರ ಬಂದ. ಬಿಳಿ ಬೂಟು, ಕೆನ್ನೆಗೆ ಅಂಟಿದ ಮೈಕು. ಮಾಯಾಲೋಕದ ಕಾದಂಬರಿಗಳ ಮಾದರಿಯಲ್ಲಿ ನಿಮ್ಮ ನಿಮ್ಮ ಕಾವಲು ಪ್ರಾಣಿಯನ್ನು ಕಂಡುಹಿಡಿದುಕೊಡುತ್ತೇನೆ ಎಂದ. ಇಪ್ಪತ್ತು ಪ್ರಶ್ನೆ, ಒಂದೊಂದು ಉತ್ತರಕ್ಕೂ ಅಂಕ, ಕೊನೆಗೆ ಪ್ರಾಣಿಯ ಚಿತ್ರವಿರುವ ಎರಡು ಕಾರ್ಡು, ಒಂದು ಕೊರಳಿಗೆ, ಇನ್ನೊಂದು ಕೆಲಸದ ಜಾಗಕ್ಕೆ. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಧರಣೇಂದ್ರ. ಮೊದಲ ಸಾಲಿನಲ್ಲೇ ಹೋಗಿ ಕೂತಿದ್ದರು.

ಕಾಡಿನಲ್ಲಿ ದಾರಿ ಎರಡಾಗಿ ಒಡೆದರೆ ಎತ್ತ ಹೋಗುತ್ತೀರಿ ಎಂಬುದು ಒಂದು ಪ್ರಶ್ನೆ. ಎಡಕ್ಕೆ, ಬಲಕ್ಕೆ ಎಂದು ಎಲ್ಲರೂ ಗುರುತು ಹಾಕಿದೆವು. ಧರಣೇಂದ್ರ ಎದ್ದು ನಿಂತು, ಹಿಂದೆ ಬರುವವರು ಬಂದು ಸೇರುವವರೆಗೆ ನಾನು ಅಲ್ಲೇ ನಿಲ್ಲುತ್ತೇನೆ, ಅದಕ್ಕೆ ಜಾಗವೇ ಇಲ್ಲವಲ್ಲ ಎಂದರು. ಆಮೇಲೆ, ಈ ಪ್ರಾಣಿಗಳು ಪ್ರಶ್ನೆಪತ್ರಿಕೆಗೆ ಬರುವಂಥವಲ್ಲ, ಅಪಾಯಕ್ಕೆ ಬರುವಂಥವು ಎಂದು ವಿವರಿಸತೊಡಗಿದರು. ಸುಮಂತನ ಮುಖ ಗಂಟಾಯಿತು. ಅವನು ಆ ಪುಸ್ತಕಗಳನ್ನು ಓದಿಯೇ ಇರಲಿಲ್ಲವೆಂದು ನನ್ನ ಗುಮಾನಿ. "ಸಾರ್ ಸಿಕ್ಕಿಬಿಟ್ರು ನೋಡಿ!" ಎಂದು ಮೈಕಿನಲ್ಲಿ ಕೂಗಿದ. "ಆಮೆ! ಕ್ಲಾಸಿಕ್ ಆಮೆ!"

ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಶವಂತ್‌ಗೆ ಸಿಂಹ ಬಂದಿತ್ತು. ಮೇಲಧಿಕಾರಿಗಳಿಗೆ ಇಲಿ, ಹೆಗ್ಗಣ ಬಂದದ್ದನ್ನು ಯಾವ ಲೋಕದಲ್ಲೂ ಕಾಣೆ. ನನಗೆ ಬಂದದ್ದು ಜಿಂಕೆ. ಸೌಮ್ಯ, ಸೂಕ್ಷ್ಮ, ಯಾರಿಗೂ ಕೆಡುಕು ಬಯಸದ ಜೀವ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು. ಐವತ್ತೊಂಬತ್ತು ವರ್ಷದ ನಾನು ಆ ಜಿಂಕೆಯನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿಕೊಂಡೆ. ಥೂ.

ಎರಡನೆಯ ದಿನ ಸಮಾರೋಪ, ದೆಹಲಿಯಿಂದ ಅತಿಥಿಗಳು. ಯಶವಂತ್ ನನ್ನನ್ನು ಕರೆದರು. "ಪ್ರೇಮಾ ಮೇಡಂ, ಕಾರಿಡಾರಲ್ಲಿ ಹಳೇ ನೋಟೀಸು, ಆ ಕೆಂಪು ಚೀಟಿ, ಎಲ್ಲ ಕಿತ್ತಾಕ್ಸಿ. ಅಸಹ್ಯವಾಗಿ ಕಾಣುತ್ತೆ. ಯಾರ್ಯಾರ ಜಾಗದಲ್ಲಿ ಅವರವರ ಪ್ರಾಣಿ ನೇತಾಕಿ." ನಾನು ಒಂದು ಚೀಲ ಹಿಡಿದು ಹೊರಟೆ. ಹಳೆಯ ಕ್ಯಾಲೆಂಡರು, ಅವಧಿ ಮುಗಿದ ಸುತ್ತೋಲೆ, ಎಲ್ಲ ಕಿತ್ತು ಚೀಲಕ್ಕೆ ಹಾಕಿದೆ. ಕೊನೆಯಲ್ಲಿ ಸಭಾಂಗಣದ ಎಸಿ ಯಂತ್ರದ ರೂಮು. ಅದರ ಮೇನ್ ಸ್ವಿಚ್ ಹೊರಗೆ ಕಾರಿಡಾರಿನಲ್ಲಿದೆ. ಅದಕ್ಕೊಂದು ಕೆಂಪು ಚೀಟಿ ನೇತಾಡುತ್ತಿತ್ತು. ಯಾವುದೋ ಹಳೆಯದು, ತೆಗೆಯಲು ಮರೆತಿದ್ದಾರೆ ಎಂದುಕೊಂಡೆ. ಧರಣೇಂದ್ರ ಮರೆಯುವವರಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಿಂಬದಿ ತಿರುಗಿಸಿದ್ದರೆ ಆ ದಿನದ್ದೇ ತಾರೀಕು, ಇನ್ನೂ ಹೊಸ ಶಾಯಿ. ತಿರುಗಿಸಲಿಲ್ಲ. ಬಿಚ್ಚಿ ಚೀಲಕ್ಕೆ ಹಾಕಿದೆ. ಸ್ವಿಚ್ಚೆಂದರೆ ಧರಣೇಂದ್ರ ಅವರ ಜಾಗವೇ ತಾನೇ ಎಂದು ಅದೇ ನೀಲಿ ಹುರಿಯಲ್ಲಿ ಅವರ ಆಮೆಯನ್ನು ಅದಕ್ಕೆ ಕಟ್ಟಿದೆ.

ಒಳಗೆ ದಾಮೋದರನ್ ಇದ್ದ. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಇರುವ ನಮ್ಮ ಎಲೆಕ್ಟ್ರಿಶಿಯನ್. ಗಾಳಿ ಊದುವ ಬ್ಲೋವರಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಹರಿದ ಬೆಲ್ಟು ಬಿಚ್ಚುತ್ತಿದ್ದ. ಹೊಸ ಬೆಲ್ಟು ತರಲು ಧರಣೇಂದ್ರ ಸ್ಟೋರಿಗೆ ಹೋಗಿದ್ದರು. ಸಭಾಂಗಣದಲ್ಲಿ ಅತಿಥಿಗಳು ಬೆವರುತ್ತಿದ್ದಾರೆಂದು ಯಶವಂತ್ ತಾವೇ ಧಾವಿಸಿ ಬಂದರು, ಸ್ವಿಚ್ಚಿನ ಮೇಲೆ ಆಮೆ ಕಂಡು ನಕ್ಕರು, ಸ್ವಿಚ್ ಎತ್ತಿದರು. ದಾಮೋದರನ ಬಲಗೈಯ ಮೂರು ಬೆರಳು ಹೋದವು.

ಆಮೇಲೆ ನಡೆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ವಿಚಾರಣಾ ಸಮಿತಿ ಕೂತಿತು. ಸ್ವಿಚ್ಚಿನ ಮೇಲೆ ಕೆಂಪು ಚೀಟಿ ಇರಲಿಲ್ಲ, ಆಮೆ ಮಾತ್ರ ಇತ್ತು ಎಂದು ಯಶವಂತ್ ಹೇಳಿದರು. ಅದು ನಿಜವೇ ತಾನೇ! ಚೀಟಿ ಕಿತ್ತುಹಾಕಿಸಿ ಎಂದು ನನಗೆ ಹೇಳಿದ್ದರ ಸುದ್ದಿ ಮಾತ್ರ ಎತ್ತಲಿಲ್ಲ. ಧರಣೇಂದ್ರ ಹೇಳಿದ್ದು ಒಂದೇ ಮಾತು: "ನಾನು ಚೀಟಿ ಕಟ್ಟಿದ್ದೆ." ಸಾರ್ ಚೀಟಿ ಕಟ್ಟಿದ್ದನ್ನು ಕಣ್ಣಾರೆ ಕಂಡೇ ಒಳಗೆ ಹೋದದ್ದು ಎಂದು ಆಸ್ಪತ್ರೆಯ ಮಂಚದಿಂದ ದಾಮೋದರನ್ ಹೇಳಿದ. ಗುತ್ತಿಗೆಯವನ ಮಾತು ಯಾರಿಗೆ ಬೇಕು? ಕಟ್ಟಿದ್ದರೆ ಚೀಟಿ ಎಲ್ಲಿ ಎಂದು ಸಮಿತಿ ಕೇಳಿತು. ಚೀಟಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಕಿರುಚಾಟ ಕೇಳಿದ ಕೂಡಲೇ ಚೀಲದಿಂದ ಹುಡುಕಿ ತೆಗೆದು ಬೀಗ ಹಾಕಿದ್ದೆ. ಪ್ರಾಣಿಗಳನ್ನು ನೇತುಹಾಕಿದವರು ಯಾರು ಎಂದು ಕೇಳಿದಾಗ ನಾನೇ ಎಂದೆ. ಕೆಂಪು ಚೀಟಿ ಕಂಡಿರಾ ಎಂದಾಗ, ಇಲ್ಲ ಎಂದೆ. ಎದುರಿಗೆ ಧರಣೇಂದ್ರ ಕೂತಿದ್ದರು. ನನ್ನತ್ತ ಒಮ್ಮೆ ನೋಡಿ ನೆಲ ನೋಡಿದರು.

ಅವರನ್ನು ಎರ್ನಾಕುಲಂ ಕಚೇರಿಯ ದಾಖಲೆ ಕೋಣೆಗೆ ಎತ್ತಿಹಾಕಿದರು. ಕೊನೆಯ ವಿಚಾರಣೆ ಜುಲೈ ಎರಡನೆಯ ಮಂಗಳವಾರ. ಅಂದು ಚೀಟಿ ಬರದಿದ್ದರೆ ಕರ್ತವ್ಯಲೋಪ ಸಾಬೀತು, ಹುದ್ದೆ ಇಳಿಕೆ, ಮತ್ತೆ ಜನ್ಮದಲ್ಲಿ ಸುರಕ್ಷತೆಯ ಕೆಲಸ ಇಲ್ಲ. ಒಬ್ಬನ ಕೈ ಕತ್ತರಿಸಿದ ಅಧಿಕಾರಿ ಎಂಬ ಹೆಸರು ಸಾಯುವ ತನಕ. ಒಂದೂವರೆ ತಿಂಗಳು ನಾನು ಆ ಡ್ರಾಯರಿನ ಮುಂದೆ ಕೂತು ಸಂಬಳ ತೆಗೆದುಕೊಂಡೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಸುಮಂತನ ಇಪ್ಪತ್ತು ಪ್ರಶ್ನೆಗಳಲ್ಲಿ ಆ ಕೋತಿಯನ್ನು ಹಿಡಿಯುವಂಥದ್ದು ಒಂದೂ ಇರಲಿಲ್ಲ.

ಮಂಗಳವಾರಕ್ಕೆ ಮುಂಚಿನ ಭಾನುವಾರ ಬೆಳಗಿನ ರೈಲು ಹಿಡಿದು ಎರ್ನಾಕುಲಂ ಪಕ್ಕದ ಆಲುವಕ್ಕೆ ಹೋದೆ. ನಿಲ್ದಾಣದ ಹತ್ತಿರ ಅವರ ಬಾಡಿಗೆ ಮನೆ. ಬಾಗಿಲು ತೆರೆದ ಅಪರ್ಣಾ ನನ್ನನ್ನು ಕಂಡು ಒಳಗೂ ಕರೆಯಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಧರಣೇಂದ್ರ ಬಂದು ಕೂರಿಸಿದರು. ನಾನು ಕೆಂಪು ಚೀಟಿಯನ್ನು ಮೇಜಿನ ಮೇಲೆ ಇಟ್ಟೆ.

"ನನಗೆ ಗೊತ್ತಿತ್ತು ಪ್ರೇಮಕ್ಕ" ಎಂದರು. "ಆಮೆಯನ್ನು ಕಟ್ಟಿದ್ದು ನನ್ನ ಹುರಿಯಲ್ಲಿ. ಚೀಟಿ ಬಿಚ್ಚದೆ ಅದು ಸಿಗುದಿಲ್ಲ. ಕಟ್ಟಿದವರು ನೀವು."

ನನಗೆ ರೇಗಿಹೋಯಿತು. ನನ್ನ ಮೇಲೆ ಬರಬೇಕಾದ ಸಿಟ್ಟು ಅವರ ಮೇಲೆ ತಿರುಗಿತು. "ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ರಾ? ಏನ್ರೀ ಧರಣೇಂದ್ರ, ನಾನು ಕೇಳಿದ್ನಾ ನಿಮ್ಮನ್ನ ಕಾಪಾಡಿ ಅಂತ?"

"ನಿಮ್ಮ ನಿವೃತ್ತಿಗೆ ಎಂಟು ತಿಂಗಳು ಉಂಟು. ಈಗ ಹೇಳಿದ್ರೆ ನಿಮ್ಮನ್ನು ಮನೆಗೆ ಕಳಿಸ್ತಾರೆ. ನನಗಾದ್ರೆ ಇನ್ನೂ ಸುಮಾರು ವರ್ಷ ಉಂಟಲ್ಲ, ಹೇಗಾದ್ರೂ ಸರಿ ಮಾಡ್ಕೊಳ್ಬಹುದು."

ಬಾಗಿಲಿಗೆ ಒರಗಿ ನಿಂತಿದ್ದ ಅಪರ್ಣಾ ಆಗ ಬಾಯಿ ತೆರೆದಳು. ತಿರುವನಂತಪುರದಲ್ಲಿ ಹುಟ್ಟಿ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಏನು ಕೇಳಿದರೂ ಇಷ್ಟು ವರ್ಷ ಮಲಯಾಳದಲ್ಲೇ ಉತ್ತರ ಕೊಟ್ಟವಳು. ನನಗೆ ಒಂದಕ್ಷರವೂ ತಪ್ಪಿಹೋಗಬಾರದೆಂದೋ ಏನೋ, ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು.

"ಅಪ್ಪನಿಗೆ ಆ ಪುಸ್ತಕ ಅರ್ಥ ಆಗಿಲ್ಲ ಆಂಟಿ. ಅಪಾಯ ಬಂದದ್ದು ದಾಮೋದರನ್ ಮಾಮನಿಗೆ. ನಿಮಗೆ ಎಂತ ಅಪಾಯ ಬಂತು? ನಿಮ್ಮನ್ನು ಯಾಕೆ ಕಾಯ್ಬೇಕು?"

"ಅಪರ್ಣಾ!" ಎಂದು ಅಪ್ಪ ಗದರಿದರು.

"ಗದರಬೇಡಿ, ಅವಳು ಸರಿಯಾಗೇ ಹೇಳ್ತಿದಾಳೆ" ಎಂದೆ. ಮೂರು ಬೆರಳು ಕಳೆದುಕೊಂಡವನ ಮಾತು ಸುಳ್ಳೆಂದು ಬರೆಯಲು ಬಿಟ್ಟು, ಆ ಸುಳ್ಳಿನ ನೆರಳಲ್ಲಿ ನನ್ನನ್ನು ಕೂರಿಸಿದ್ದರು ಈ ಒಳ್ಳೆಯ ಮನುಷ್ಯ. ನಾನು ಆರಾಮಾಗಿ ಕೂತಿದ್ದೆ. ಎಂಥ ಹೆಡೆ ಅದು, ಎಂಥವಳಿಗೆ!

ಚೀಟಿಯನ್ನು ತಿರುಗಿಸಿದೆ. ಮೊದಲ ಸಾಲಿನಲ್ಲಿ ಧರಣೇಂದ್ರ ಅವರ ದುಂಡನೆಯ ಸಹಿ, ಹತ್ತು ಗಂಟೆ ಐವತ್ತು. ಎರಡನೆಯ ಸಾಲು ಖಾಲಿ. ಪೆನ್ನು ಕೇಳಿದೆ. ಅಪರ್ಣಾ ತಂದುಕೊಟ್ಟಳು. ತೆಗೆದವರ ಸಹಿ ಎಂಬಲ್ಲಿ ಹೆಸರು ಬರೆದು ಸಹಿ ಹಾಕಿದೆ. ಮಂಗಳವಾರ ಸಮಿತಿಯ ಮುಂದೆ ಇಡಲು ಅದನ್ನು ಕೈಚೀಲಕ್ಕೆ ಸೇರಿಸುವಷ್ಟರಲ್ಲಿ ಧರಣೇಂದ್ರ ತಡೆದರು. ಬೇಡ ಎನ್ನುತ್ತಾರೇನೋ ಎಂದುಕೊಂಡೆ. ಅವರ ಬೆರಳು ಚೀಟಿಯ ಕೊನೆಯ ಖಾಲಿ ಜಾಗದ ಮೇಲಿತ್ತು.

"ಹೊತ್ತು ಬರೀಲಿಲ್ಲ ನೀವು. ಹೊತ್ತು ಇಲ್ಲದಿದ್ರೆ ಚೀಟಿ ಲೆಕ್ಕಕ್ಕೆ ಬರುದಿಲ್ಲ."

ಹನ್ನೊಂದು ಇಪ್ಪತ್ತು ಎಂದು ಬರೆದೆ. ಯಶವಂತ್ ಸ್ವಿಚ್ ಎತ್ತಿದ್ದು ಹನ್ನೊಂದು ನಲವತ್ತಕ್ಕೆ. ನಡುವೆ ಪೂರಾ ಇಪ್ಪತ್ತು ನಿಮಿಷ ಇತ್ತು. ಆ ಇಪ್ಪತ್ತು ನಿಮಿಷವೂ ನಾನು ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕೊರಳಿನ ಜಿಂಕೆ ಸರಿಯಾಗಿ ಕಾಣುವ ಹಾಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆ.