ಕುಶಲಾ ಹೊರಗೆ ನಿಂತ ಬೆಳಗು

1988ರ ನವೆಂಬರ್ 13, ಭಾನುವಾರ, ಬೆಳಿಗ್ಗೆ 5 ಗಂಟೆ 40 ನಿಮಿಷ. ಫಳ್ನೀರಿನ ಖಾಸಗಿ ರಕ್ತನಿಧಿಯೊಂದರ ಕಂಪ್ಯೂಟರ್ ಮುಂದೆ ಕುಶಲಾ ಕುಳಿತಿದ್ದಾರೆ. ಕುಳಿತಿದ್ದಾರೆ ಎನ್ನುವುದು ಅಷ್ಟು ಸರಿಯಲ್ಲ. ಎರಡು ಸಾಲು ಟೈಪ್ ಮಾಡಿ ಏಳುತ್ತಾರೆ, ಫ್ಯಾನ್ ಆರಿಸುತ್ತಾರೆ, ಮತ್ತೆ ಹಾಕುತ್ತಾರೆ. ಎಂಟಕ್ಕೆ ಇಲ್ಲಿಯ ಮುಖ್ಯಸ್ಥ ಡಾ. ಚಿತ್ತರಂಜನ ಕುಶಲಾ ಬರೆದ ಹೊಸ ಪ್ರೋಗ್ರಾಂ ಪರೀಕ್ಷಿಸಲು ಬರುತ್ತಾರೆ. ಅದರಲ್ಲಿ ಪ್ರೋಗ್ರಾಂ ಸೋತರೆ ಕಂಪ್ಯೂಟರ್ ಲೆಕ್ಕಪತ್ರದ ವಿಭಾಗಕ್ಕೆ ಹೋಗುತ್ತದೆ, ರಕ್ತದಾನಿಗಳ ವಿವರ ಮತ್ತೆ ರಟ್ಟಿನ ಕಾರ್ಡುಗಳಿಗೆ.

ಕಾವೂರಿನ ಕುಶಲಾ ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು ಇಲ್ಲಿಗೆ ಬಂದವರು. ದಿನವೂ ಕೊಡಬೇಕಾದ ಆದೇಶಗಳನ್ನು ಸಾಲಾಗಿ ಬರೆದಿಟ್ಟು ಒಂದೇ ಹೆಸರಿನಿಂದ ಓಡಿಸುವ ಇಪ್ಪತ್ತಮೂರು ಬ್ಯಾಚ್ ಫೈಲುಗಳನ್ನು ತಮಗಾಗಿ ಮಾಡಿಕೊಂಡಿದ್ದರು. ಓ ನೆಗೆಟಿವ್ ದಾನಿಯನ್ನು ಹುಡುಕುವ ಫೈಲಿಗೆ ಮನೆಯ ಬೆಕ್ಕಿನ ಹೆಸರು.

"ಬೆಕ್ಕನ್ನು ಕರೆದ್ರೆ ಬ್ಲಡ್ ಸಿಗ್ತದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ತಿ?" ಎನ್ನುತ್ತಾರೆ ಸಹೋದ್ಯೋಗಿ ನೊರ್ಬರ್ಟ್.

ಆಗಸ್ಟಿನಲ್ಲಿ ಕುಶಲಾ ತಂಗಿಯ ಮದುವೆಗೆ ರಜೆ ಹಾಕಿದಾಗ ತಿಂಗಳ ಕೊನೆಯ ಕೆಲಸದ ಬ್ಯಾಚ್ ಫೈಲನ್ನು ಓಡಿಸಿದವರು ಇದೇ ನೊರ್ಬರ್ಟ್. ಶಿಬಿರಗಳಲ್ಲಿ ಸೇರಿದ ದಾನಿಗಳ ವಿವರವನ್ನು ಫ್ಲಾಪಿಗೆ ನಕಲು ಮಾಡಿ, ಯಂತ್ರದಿಂದ ಅಳಿಸುವ ಕೆಲಸ ಅದರದು. ಫ್ಲಾಪಿ ತೂರಿಸುವ ಡ್ರೈವಿನ ಪುಟ್ಟ ಬಾಗಿಲು ಹಾಕಿರಲಿಲ್ಲ. ಪರದೆ ಏನೋ ಕೇಳಿತು; ಅವರು ಯಾವುದೋ ಕೀ ಒತ್ತಿದರು. ನಕಲು ಆಗಲಿಲ್ಲ. ಮುಂದಿನ ಸಾಲಿಗೆ ಅದರ ಪರಿವೆ ಇರಲಿಲ್ಲ, ಎಲ್ಲವನ್ನೂ ಅಳಿಸಿತು.

"ನಾನಾದ್ರೆ ಅಲ್ಲೇ ನಿಲ್ಲಿಸ್ತಿದ್ದೆ. ಆದ್ರೆ ನಿಲ್ಲಿಸುವುದನ್ನು ಫೈಲಲ್ಲಿ ಬರೆದೇ ಇರ್ಲಿಲ್ಲ. ಅದು ನನ್ನ ಕೈಗೆ ಮಾತ್ರ ಗೊತ್ತಿತ್ತು" ಎನ್ನುತ್ತಾರೆ ಕುಶಲಾ. ಕಳೆದ ಹೆಸರುಗಳನ್ನು ಮತ್ತೆ ಕೂಡಿಸಲು ಇಬ್ಬರೂ ದೋಣಿ ಹತ್ತಿ, ಶಿಬಿರ ನಡೆದಿದ್ದ ನದಿಯಾಚೆಯ ಬೆಂಗ್ರೆಯ ಮನೆಮನೆಗೂ ಹೋದರು.

ಅಂದಿನಿಂದ ಕೆಲಸ ಮುಗಿದ ಮೇಲೆ ಇಲ್ಲೇ ಉಳಿದು ಪ್ರೋಗ್ರಾಂ ಬರೆಯುವ ಸಿ ಭಾಷೆ ಕಲಿಯುತ್ತಾ ಕುಶಲಾ ಆ ಫೈಲುಗಳೆಲ್ಲದರ ಬದಲಿಗೆ ಒಂದೇ ಪ್ರೋಗ್ರಾಂ ಬರೆದಿದ್ದಾರೆ. ಹುಡುಕುವುದು, ನಕಲು ಮಾಡುವುದು, ಅಳಿಸುವುದು ಎಲ್ಲ ಅದರೊಳಗೇ. ನಕಲನ್ನು ಮೂಲದೊಡನೆ ಹೋಲಿಸಿ ನೋಡದೆ ಅದು ಏನನ್ನೂ ಅಳಿಸಬಾರದು. ಡಾಕ್ಟರರ ಷರತ್ತು ಒಂದೇ: ನೊರ್ಬರ್ಟ್ ಒಬ್ಬರೇ ಓಡಿಸಬೇಕು, ಕುಶಲಾ ಹೊರಗಿರಬೇಕು.

ಎಂಟೂಕಾಲು. ವರಾಂಡದಲ್ಲಿ ಕುಶಲಾ ಕಿವಿಗೊಟ್ಟು ನಡೆಯುತ್ತಾರೆ, ತಟ್ಟನೆ ನಿಲ್ಲುತ್ತಾರೆ. "ಫ್ಲಾಪಿ ತಿರುಗುವ ಶಬ್ದವೇ ಇಲ್ಲ. ಎಂತ ಮಾಡ್ತಾ ಇದ್ದಾನೆ ಇವ?" ಕೈ ಬಾಗಿಲಿನವರೆಗೆ ಹೋಗಿ ಹಿಂದೆ ಬರುತ್ತದೆ.

ಒಳಗಿಂದ ನೊರ್ಬರ್ಟ್ ನಗುತ್ತಾ ಬರುತ್ತಾರೆ. "ಅವತ್ತು ಮಾಡಿದ ಹಾಗೇ ಮಾಡು ಅಂದ್ರು ಡಾಕ್ಟ್ರು. ಡ್ರೈವಿನ ಬಾಗಿಲು ತೆರೆದೇ ಇಟ್ಟೆ, ಸಿಕ್ಕಿದ ಕೀ ಎಲ್ಲಾ ಒತ್ತಿದೆ. ನಕಲಾಗ್ಲಿಲ್ಲ, ಅಳಿಸುವುದಿಲ್ಲ ಅಂತ ನಿಂತೇಬಿಟ್ಟಿತು. ನಿನ್ನದೇ ಹಟ ಉಂಟು ಅದಕ್ಕೆ!"

"ಯಂತ್ರ ಇಲ್ಲೇ ಇರ್ಲಿ" ಎನ್ನುತ್ತಾರೆ ಹಿಂದೆಯೇ ಬಂದ ಡಾಕ್ಟರರು. "ನೀವು ನಾಳೆ ರಜೆ ಹಾಕಿ. ನಿಮ್ಮನ್ನು ನೋಡಿಯೇ ನನಗೆ ಸುಸ್ತಾಯ್ತು."

ಕುಶಲಾ ಒಳಗೆ ಹೋಗಿ ತಮ್ಮ ಹಳೆಯ ಬ್ಯಾಚ್ ಫೈಲುಗಳನ್ನು ಒಂದೊಂದಾಗಿ ಅಳಿಸುತ್ತಾರೆ. "ಇನ್ನು ನಾನಿಲ್ಲದಿದ್ರೂ ನಡೀತದೆ. ಖುಷಿ ಉಂಟು. ಸ್ವಲ್ಪ ಬೇಜಾರೂ ಉಂಟು."

ಉಳಿದದ್ದು ಒಂದೇ ಪ್ರೋಗ್ರಾಂ. ಅದರ ಗಾತ್ರ 18,746 ಬೈಟ್.